ಪೆನ್ಸಿಲ್ ಗೀಟು ತಿಳಿಯದ ಏಜೆಂಟು

ನಾನು ಬರೆದದ್ದು ಓದಿದವರಿಗೆಲ್ಲ ಅರ್ಥವಾಗುತ್ತದೆ ಎಂಬ ಭ್ರಮೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದವನು ನಾನು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಸುತ್ತೋಲೆ ಬರೆಯಬೇಕೆಂದರೆ ಸಾಹೇಬರು ನನ್ನನ್ನೇ ಕರೆಯುತ್ತಿದ್ದರು. 'ಮೇಲ್ಕಂಡ ವಿಷಯದಲ್ಲಿ ಸೂಕ್ತ ಕ್ರಮ ಜರುಗಿಸತಕ್ಕದ್ದು' ಎಂದು ಬರೆದು ಕಳಿಸಿದರೆ ಮುಗಿಯಿತು, ಎಲ್ಲ ಊರಲ್ಲೂ ಕ್ರಮ ಜರುಗುತ್ತಿತ್ತು. ಅದು ನನ್ನ ಬರವಣಿಗೆಯ ಶಕ್ತಿ ಎಂದು ಬೀಗಿದ್ದೆ. ಸುತ್ತೋಲೆ ಓದಿದವರೆಲ್ಲ ಆಮೇಲೆ ನನಗೆ ಫೋನು ಮಾಡಿ, "ಇದ್ರಲ್ಲಿ ಏನ್ ಮಾಡ್ಬೇಕು ಅಂತ ಬರ್ದಿದ್ದೀರಿ ಸಾ?" ಎಂದು ಕೇಳಿಕೊಂಡು ಮಾಡುತ್ತಿದ್ದರು ಎಂಬುದು ಮರೆತೇಹೋಗಿತ್ತು. ನಿವೃತ್ತಿಯಾಗಿ ಮದ್ದೂರಿನ ಒಂದು ಕಲ್ಯಾಣ ಮಂಟಪಕ್ಕೆ ಮ್ಯಾನೇಜರಾದ ಮೇಲೆ, ಫೋನು ಮಾಡಿ ಕೇಳುವ ಅಭ್ಯಾಸವೇ ಇಲ್ಲದ ಒಂದು ಏಜೆಂಟಿನ ಕೈಗೆ ಸಿಕ್ಕಾಗ ಅದು ನೆನಪಾಯಿತು.

ಏಜೆಂಟು ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಕೂಗುವವನೂ ಅಲ್ಲ, ವಿಮೆ ಮಾಡಿಸುವವನೂ ಅಲ್ಲ, ಎಐ ಏಜೆಂಟು. ಜನ ಮೊಬೈಲಿನಲ್ಲಿ ಕೇಳಿದರೆ ತಾನೇ ತಾರೀಕು ನೋಡಿ, ತಾನೇ ಮಂಟಪ ಕೊಟ್ಟುಬಿಡುತ್ತದೆ. ಅದನ್ನು ಹಾಕಿಕೊಟ್ಟವಳು ಮಂಡ್ಯದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಸೌಮ್ಯ. "ಸರ್, ತಾರೀಕು ನೋಡೋಕೆ ಒಂದು ಟೂಲು, ಮಂಟಪ ಕೊಡೋಕೆ ಒಂದು, ರದ್ದು ಮಾಡೋಕೆ ಒಂದು. ಒಂದೊಂದನ್ನೂ ಯಾವಾಗ ಬಳಸ್ಬೇಕು, ಯಾವಾಗ ಬಳಸ್ಬಾರ್ದು ಅಂತ ಬಿಡಿಸಿ ಬರ್ಕೊಡಿ. ನಮ್ಮೂರಿನ ಪದ್ಧತಿ ಅದಕ್ಕೇನೂ ಗೊತ್ತಿರಲ್ಲ" ಎಂದಳು. ಸುತ್ತೋಲೆ ಬರೆದ ಕೈಗೆ ಇದೊಂದು ಕೆಲಸವೇ? 'ದಿನಾಂಕ ಖಾಲಿ ಇದ್ದಲ್ಲಿ ನಿಯಮಾನುಸಾರ ಮಂಜೂರು ಮಾಡತಕ್ಕದ್ದು' ಎಂದು ಬರೆದುಕೊಟ್ಟೆ. "ನಿಯಮ ಅಂದ್ರೆ ಯಾವ್ದು ಸರ್?" ಎಂದಳು. "ಎಲ್ರಿಗೂ ಗೊತ್ತಿರೋದೇ ಕಣಮ್ಮ" ಎಂದೆ. ಅವಳು ನಾನು ಬರೆದದ್ದನ್ನು ಹಾಗೆಹಾಗೇ ಏಜೆಂಟಿಗೆ ಹಾಕಿಕೊಟ್ಟು ಹೋದಳು.

ಎಲ್ಲರಿಗೂ ಗೊತ್ತಿರುವುದು ಏನೆಂದರೆ, ನಮ್ಮ ಕಡೆ ಮದುವೆ ಧಾರೆಗೆ ಮುಗಿಯುವುದಿಲ್ಲ. ಎರಡು ಮೂರು ದಿನ ಬಿಟ್ಟು ಅದೇ ಮಂಟಪದಲ್ಲಿ ಬೀಗರ ಊಟ ಆಗಬೇಕು, ಮುದ್ದೆ, ಮಟನ್ ಸಾರು ಬೀಳಬೇಕು. ಮಾಂಸ ತಿನ್ನದ ಸೋಮವಾರ, ಶನಿವಾರ ಬಿಟ್ಟು, ಬೀಗರನ್ನು ಕೇಳಿ ದಿನ ಗೊತ್ತುಮಾಡುತ್ತಾರೆ. ಆ ದಿನ ಬದಲಾಗುವುದೂ ಉಂಟು. ಅದಕ್ಕೇ ನಮ್ಮ ಲೆಡ್ಜರಿನಲ್ಲಿ ಮದುವೆಯನ್ನು ಕೆಂಪು ಶಾಯಿಯಲ್ಲಿ ಬರೆದು, ಬೀಗರ ಊಟದ ತಾರೀಕಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆಯುವುದು. ಗೀಟು ಕಂಡರೆ ಆ ದಿನ ಕೊಡಬಾರದು, ಅಷ್ಟೆ. ಲೆಡ್ಜರನ್ನು ಕಂಪ್ಯೂಟರಿಗೆ ಇಳಿಸುವಾಗ ಅಕ್ಷರಗಳನ್ನೆಲ್ಲ ಟೈಪು ಮಾಡಿಸಿದೆ. ಗೀಟನ್ನು ಯಾರಾದರೂ ಟೈಪು ಮಾಡುತ್ತಾರೆಯೇ?

ಬೆಳ್ಳೂರು ಕಡೆಯ ಬೋರೇಗೌಡರ ಮಗಳ ಮದುವೆ ಭಾನುವಾರ ಚೆನ್ನಾಗಿಯೇ ಆಯಿತು. ಬುಧವಾರ ಬೀಗರ ಊಟ, ಮಳವಳ್ಳಿಯಿಂದ ಗಂಡಿನ ಕಡೆಯವರು ಎರಡು ಬಸ್ಸಿನಲ್ಲಿ ಬರುವವರಿದ್ದರು. ಸೋಮವಾರ ಬೆಳಗ್ಗೆ ಗೌಡರ ಫೋನು ಬಂತು. "ಅಲ್ಲಾ ಮ್ಯಾನೇಜರೇ, ಅಡ್ಗೆ ಅಂಡೆ ಯಾವಾಗ ತರಾದು ಅಂತ ನಿಮ್ ಏಜೆಂಟ್ನ ಕೇಳುದ್ರೆ ಬುಧವಾರ ಬೇರೆಯೋರಿಗೆ ಕೊಟ್ಟದೆ ಅಂತದೆ. ಬೀಗರ ಮುಂದೆ ನನ್ ಮಾನ ಕಳೀಬೇಕು ಅಂತಿದ್ದೀರಾ?" ಕಂಪ್ಯೂಟರ್ ತೆರೆದೆ. ನೋಡಿದರೆ ಪುರೋಹಿತರಾದ ಭಟ್ಟರ ಮೊಮ್ಮಗನ ಮುಂಜಿಗೆ ಬುಧವಾರ ಮಂಟಪ ಹೋಗಿತ್ತು. ಯಾಕಪ್ಪಾ ಹೀಗೆ ಮಾಡಿದೆ ಎಂದು ಏಜೆಂಟನ್ನೇ ಕೇಳಿದೆ. 'ದಿನಾಂಕ ಖಾಲಿ ಇತ್ತು. ನಿಯಮಾನುಸಾರ ಮಂಜೂರು ಮಾಡಲಾಗಿದೆ' ಎಂದಿತು. ಸುತ್ತೋಲೆಯ ಭಾಷೆ ಓದುವವರಿಗೆ ಎಷ್ಟು ಮೈ ಉರಿಸುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಮುಂಜಿಯ ಮುಹೂರ್ತ ಸರಿಸುವ ಹಾಗಿಲ್ಲ, ಮುಂಜಿ ನಡೆಯುವ ಕಡೆ ಮಟನ್ ಬೇಯಿಸುವ ಹಾಗಿಲ್ಲ. ಇದರ ಮಧ್ಯೆ ನಾನು ಸಿಟ್ಟಿನಲ್ಲಿ ವಿವರಣೆ ತಿದ್ದಲು ಕೂತು, 'ಪ್ರತಿ ಸಮಾರಂಭದ ನಂತರ ಬೀಗರ ಊಟಕ್ಕೆ ಒಂದು ದಿನ ಹಿಡಿದಿಡತಕ್ಕದ್ದು' ಎಂದು ಸೇರಿಸಿದೆ. ಗಂಟೆಯೊಳಗೆ ಭಟ್ಟರ ಫೋನು. "ಮ್ಯಾನೇಜರೇ, ಬೀಗರ ಊಟಕ್ಕೆ ಶುಕ್ರವಾರ ಹಿಡಿದಿಟ್ಟಿದೆ, ಮಾಂಸದ ಅಡುಗೆಗೆ ಎಷ್ಟು ಹಂಡೆ ಬೇಕು ಅಂತ ನಿಮ್ಮ ಏಜೆಂಟು ಕೇಳಿದೆ. ವಟುವಿಗೆ ಈಗ ಎಂಟು ವರ್ಷ. ಬೀಗರು ಗೊತ್ತಾದ ಮೇಲೆ ತಿಳಿಸ್ತೀನಿ" ಎಂದು ಸಮಾಧಾನವಾಗಿಯೇ ಹೇಳಿ ಇಟ್ಟರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಪಟ್ಟುಹಿಡಿದು ಕೂತೆ. ಗೀಟು ಎಂದರೇನು, ಬೀಗರು ಎಂದರೆ ಯಾರು, ಯಾರ ಮನೆಯ ಮದುವೆಗೆ ಮಟನ್, ಯಾರ ಮನೆಯದಕ್ಕೆ ಬರೀ ಪಾಯಸ, ಎಲ್ಲವನ್ನೂ ಸಂಜೆಯೊಳಗೆ ಹನ್ನೆರಡು ಹಾಳೆ ಬರೆದು ಸೌಮ್ಯಳಿಗೆ ಕಳಿಸಿದೆ. ಬೋರೇಗೌಡರಿಗೆ ಏನು ದಾರಿ ಎಂಬುದೂ ನನಗೆ ಹೊಳೆಯಿತು. ನಮ್ಮ ಮನೆಯ ಮುಂದೆ ದೊಡ್ಡ ಅಂಗಳವಿದೆ. "ಅಲ್ಲೇ ಶಾಮಿಯಾನ ಹಾಕ್ಸಿ ಗೌಡ್ರೇ, ನಮ್ಮನೆ ಬೇರೆಯಲ್ಲ, ನಿಮ್ಮನೆ ಬೇರೆಯಲ್ಲ" ಎಂದು ಮಾತು ಕೊಟ್ಟುಬಿಟ್ಟೆ.

ಬುಧವಾರ ಬೆಳಗ್ಗೆ ಶಾಮಿಯಾನದವರು ಕಂಬ ಹೊತ್ತು ಬಂದಾಗ ನನ್ನ ಹೆಂಡತಿ ಜಯಮ್ಮ ಅಂಗಳದ ತುಂಬ ಸೀರೆ ಹಾಸಿ ಸಂಡಿಗೆ ಇಟ್ಟು ಮುಗಿಸಿದ್ದಳು. ಹಿಂದೆಯೇ ಹಂಡೆಗಳು ಬಂದವು, ಅದರ ಹಿಂದೆ ಅಡುಗೆಯವರು. ಅವಳು ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು. "ಯಾರನ್ನ ಕೇಳಿ ಕೊಟ್ರಿ?"

"ನಿಂಗೆ ಗೊತ್ತಾಯ್ತದೆ ಅನ್ಕಂಡೆ ಕಣೆ."

"ಆ ಮಿಸನ್ನಿಗೆ ಅನ್ನೆರಡು ಆಳೆ ಬರ್ಕೊಟ್ರಲ್ಲ, ನನಗೊಂದ್ ಮಾತು ಏಳಾಕೆ ಏನಾಗಿತ್ತು?" ಎಂದಳು. ಉತ್ತರಕ್ಕೆ ಕಾಯದೆ ಸೀರೆಗಳನ್ನು ಮಹಡಿಗೆ ಸಾಗಿಸಿ, ಸೆರಗು ಸಿಕ್ಕಿಸಿ, ಮುದ್ದೆ ಕಟ್ಟುವವರಿಂದ ಹಿಡಿದು ಎಲೆ ಹಾಕುವವರವರೆಗೆ ಒಬ್ಬೊಬ್ಬರಿಗೂ ಅವರವರ ಕೆಲಸ ಬಿಡಿಸಿ ಹೇಳಿದಳು. ಎರಡೂ ಬಸ್ಸಿನವರು ಬಂದು ಉಂಡರು. ಗೌಡರು ಎಲೆಯಡಿಕೆ ಹಾಕಿಕೊಳ್ಳುತ್ತಾ, "ನಿಮ್ ಮಂಟಪಕ್ಕಿಂತ ಇದೇ ವಾಸಿಯಾಯ್ತು ಬುಡಿ, ಬೀಗರು ನಗ್ತಾ ಓದ್ರು" ಎಂದರು.

ಮಾರನೆಯ ದಿನ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. 'ಅಂಗಳ. ಯಾವಾಗ ಕೊಡಬಹುದು: ನನ್ನನ್ನು ಕೇಳಿ, ನಾನು ಹೂಂ ಅಂದ ಮೇಲೆ. ಯಾವಾಗ ಕೊಡಬಾರದು: ಸಂಡಿಗೆ ಇಟ್ಟ ದಿನ. ಗೊತ್ತಾಗದಿದ್ದರೆ: ಅಡುಗೆಮನೆಗೆ ಬಂದು ಕೇಳುವುದು, ತಾವೇ ಊಹಿಸಬಾರದು.' ತಮಾಷೆಗೆಂದು ಫೋಟೋ ತೆಗೆದು ಸೌಮ್ಯಳಿಗೆ ಕಳಿಸಿದೆ. ಅವಳು ತಕ್ಷಣ ಫೋನು ಮಾಡಿ, "ಸರ್, ನಾನು ಕೇಳಿದ್ದು ಇದನ್ನೇ. ಇದನ್ನ ಬರ್ದಿರೋರ ಕೈಲೇ ಎಲ್ಲಾನೂ ಬರೆಸ್ಬಿಡಿ" ಎಂದಳು.

ಹಾಗಾಗಿ ಈಗ ಮಂಟಪದ ಟೂಲುಗಳ ವಿವರಣೆಯನ್ನೆಲ್ಲ ಜಯಮ್ಮ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದಾಳೆ. ನಾನೇನು ಮಾಡಲಿ ಎಂದು ಕೇಳಿದ್ದಕ್ಕೆ ಅಂಗಳದ ಸಂಡಿಗೆ ತೋರಿಸಿದಳು. "ಕಾಗೆ ಬಂದ್ರೆ ಓಡುಸ್ಬೇಕು. ಬರ್ದೇ ಇದ್ರೆ ಸುಮ್ಕಿರ್ಬೇಕು. ಬಿಡಿಸಿ ಏಳಿವ್ನಿ, ಇನ್ನೇನೂ ಕೇಳ್ಬೇಡಿ."