ಛಾವಣಿ ಬೀಳದ ಪ್ರಕರಣ

ಹೊಸ ಶವಪರೀಕ್ಷಾ ಕಟ್ಟಡದ ಮುಂಭಾಗದ ಛಾವಣಿಯು ಉದ್ಘಾಟನೆಗೆ ಮೊದಲೇ ಕುಸಿದು ಬಿತ್ತೆಂಬ ಸುದ್ದಿಯಲ್ಲಿ ಯಾವುದೇ ಹುರುಳಿಲ್ಲವೆಂದು ಈ ಮೂಲಕ ಎಲ್ಲರ ಗಮನಕ್ಕೆ ತರಲಾಗಿದೆ. ಅದು ಬಿದ್ದಾಗ ಕೆಳಗೆ ನಿಂತಿದ್ದ ಗಾರೆಯವನು ಸತ್ತದ್ದು ಮಾತ್ರ ನಿಜ.

ದೇಹವನ್ನು ದೂರ ಸಾಗಿಸುವ ಖರ್ಚು ಬೀಳಲಿಲ್ಲ. ಹಳೆಯ ಶವಾಗಾರ ಪಕ್ಕದಲ್ಲೇ ಇತ್ತು. ಅಪಘಾತದ ಜಾಗಕ್ಕೂ ಶವಪರೀಕ್ಷೆಯ ಮೇಜಿಗೂ ಇಷ್ಟು ಕಡಿಮೆ ಅಂತರವಿರುವ ಆಸ್ಪತ್ರೆ ಬೇರೊಂದಿಲ್ಲವೆಂದು ಅಧೀಕ್ಷಕರು ಆಮೇಲೆ ಪತ್ರಕರ್ತರ ಮುಂದೆ ಹೆಮ್ಮೆಪಟ್ಟರು.

ಅಲ್ಲಿ ಶವಪರೀಕ್ಷೆ ಮಾಡುತ್ತಿದ್ದವರು ಒಬ್ಬ ಡಾಕ್ಟರಮ್ಮ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮಿತ. ಇದ್ದದ್ದು ಒಂದೇ ದೌರ್ಬಲ್ಯ: ಕಂಡದ್ದನ್ನು ಕಂಡ ಹಾಗೆ ಬರೆಯುವುದು. ಮೇಲಿನವರು ಹಲವು ಸಲ ಎಚ್ಚರಿಕೆ ಕೊಟ್ಟರೂ ಅದು ವಾಸಿಯಾಗಿರಲಿಲ್ಲ. ಈ ಸಲವೂ ಅವರು, "ಛಾವಣಿ ತಲೆಯ ಮೇಲೆ ಬಿದ್ದು, ಬುರುಡೆ ಒಡೆದು ಸಾವು" ಎಂದು ಬರೆದು ಸಹಿ ಹಾಕಿಬಿಟ್ಟರು.

ಅಧೀಕ್ಷಕರು ಕರೆಸಿಕೊಂಡರು. ಅವರ ಕೋಣೆಯಲ್ಲಿ ಕಟ್ಟಡದ ಗುತ್ತಿಗೆದಾರ ಚಹಾ ಕುಡಿಯುತ್ತಾ ಕೂತಿದ್ದ. ಈತ ಅಧೀಕ್ಷಕರ ಹೆಂಡತಿಯ ತಮ್ಮ. ಇದು ಕೇವಲ ಕಾಕತಾಳೀಯವೆಂದು ಇಬ್ಬರೂ ಬೇರೆ ಬೇರೆಯಾಗಿ, ಒಂದೇ ಮಾತುಗಳಲ್ಲಿ, ಹೇಳಿಕೆ ಕೊಟ್ಟಿದ್ದಾರೆ.

"ಛಾವಣಿ ಬಿತ್ತು ಅಂತ ಬರೆದಿದ್ದೀರಲ್ಲ ಡಾಕ್ಟ್ರೇ, ಬೀಳೋದನ್ನ ನೀವು ಕಣ್ಣಾರೆ ನೋಡಿದ್ರಾ?"

"ಬಿದ್ದಿರೋದನ್ನ ನೋಡಿದೆ ಸರ್. ಈ ಕಿಟಕಿಯಿಂದ ನಿಮಗೂ ಕಾಣುತ್ತೆ."

ಅಧೀಕ್ಷಕರು ಎದ್ದು ಹೋಗಿ ಕಿಟಕಿಯ ಪರದೆ ಎಳೆದರು. "ಎಲ್ಲಿ? ಕಾಣಲ್ವಲ್ಲ."

ಗುತ್ತಿಗೆದಾರ ಲೋಟ ಕೆಳಗಿಟ್ಟ. "ಮೇಡಂ, ಉದ್ಘಾಟನೆ ಆಗೋವರೆಗೂ ಕಟ್ಟಡ ಇದೆ ಅಂತ ಹೇಳೋ ಹಾಗಿಲ್ಲ. ಇಲ್ಲದ ಕಟ್ಟಡದ ಛಾವಣಿ ಬೀಳೋದು ಹೇಗೆ? ನೀವು ಓದಿದವರು, ನೀವೇ ಯೋಚನೆ ಮಾಡಿ."

ಡಾಕ್ಟರಮ್ಮ ಯೋಚನೆ ಮಾಡಿದರು. ಸತ್ತವನ ಮಾತು ಸಾಲದಿದ್ದರೆ ಛಾವಣಿಯೇ ಸಾಕ್ಷಿ ಹೇಳಲಿ ಎಂದುಕೊಂಡು, ಅವಶೇಷದಿಂದ ದೊಡ್ಡದೊಂದು ಹೆಂಟೆ ತರಿಸಿ ಮೇಜಿನ ಮೇಲೆ ಮಲಗಿಸಿದರು. ಹೆಬ್ಬೆರಳಿಂದ ಒತ್ತಿದರೆ ಅದು ಉದುರಿ ಹೋಗುತ್ತಿತ್ತು. ಪ್ರಯೋಗಾಲಯವೂ ಅದನ್ನೇ ಹೇಳಿತು. ಇರುವುದು ಮರಳು, ಸಿಮೆಂಟು ಹೆಸರಿಗಷ್ಟೇ, ಕಬ್ಬಿಣದ ಸುಳಿವಿಲ್ಲ. ಇದೆಲ್ಲವನ್ನೂ ವರದಿಗೆ ಸೇರಿಸಿ ಕಳಿಸಿ, ಅವರು ಅಂದು ಮನೆಗೆ ಗೆಲುವಾಗಿ ಹೋದರು.

"ಈ ಸಲ ತಪ್ಪಿಸಿಕೊಳ್ಳೋಕೆ ಆಗಲ್ಲ ಅತ್ತೆ, ಕಳ್ಳತನ ಅಂಗೈ ಮೇಲಿದೆ."

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು, "ಹಾಗಾದ್ರೆ ಈ ಸಲ ಎಲ್ಲಿಗೆ ಎತ್ತಂಗಡಿ?"

ಎತ್ತಂಗಡಿ ಆಗಲಿಲ್ಲ. ಮೆಚ್ಚುಗೆಯ ಪತ್ರ ಬಂತು. ಅಧೀಕ್ಷಕರೊಬ್ಬರೇ ಸದಸ್ಯರಾಗಿದ್ದ ತನಿಖಾ ಸಮಿತಿಯು ಸರ್ವಾನುಮತದಿಂದ ಹೀಗೆ ತೀರ್ಮಾನಿಸಿತ್ತು: "ಛಾವಣಿ ಎನಿಸಿಕೊಳ್ಳಬೇಕಾದರೆ ನಿಯಮದಂತೆ ಅದರಲ್ಲಿ ಸಿಮೆಂಟು ಮತ್ತು ಕಬ್ಬಿಣ ಇರತಕ್ಕದ್ದು. ಡಾಕ್ಟರಮ್ಮನವರ ನಿಷ್ಪಕ್ಷಪಾತ ಪರೀಕ್ಷೆಯಿಂದ ಇವೆರಡೂ ಇಲ್ಲವೆಂದು ಸಾಬೀತಾಗಿದೆ. ಆದ್ದರಿಂದ ಸದರಿ ವಸ್ತುವು ಛಾವಣಿಯಲ್ಲ, ಮರಳು. ಕಾಮಗಾರಿಯ ಸ್ಥಳದಲ್ಲಿ ಮರಳು ಇರುವುದು ಸಹಜ."

ಗುತ್ತಿಗೆದಾರ ಸಮಿತಿಯ ಮುಂದೆ ಕಣ್ಣೊರೆಸಿಕೊಂಡು, ತಾನು ಒಂದು ಚೀಲ ಸಿಮೆಂಟನ್ನೂ ಹಾಕಿರಲಿಲ್ಲವೆಂದು ಮನಸ್ಸಾರೆ ಪ್ರಮಾಣ ಮಾಡಿ ನಿರ್ದೋಷಿಯಾದ.

ಡಾಕ್ಟರಮ್ಮ ಅಧೀಕ್ಷಕರ ಕೋಣೆಗೆ ನುಗ್ಗಿದರು. "ಮರಳು ಬಿದ್ದರೆ ಬುರುಡೆ ಒಡೆಯುತ್ತಾ ಸರ್?"

"ಒಳ್ಳೇ ಪ್ರಶ್ನೆ," ಎಂದರು ಅಧೀಕ್ಷಕರು. "ಮರಳಿಗೆ ಒಡೆದಿದೆ ಅಂದ್ರೆ ತಲೆಯ ಗುಣಮಟ್ಟದ ಮೇಲೆ ಅನುಮಾನ ಬರುತ್ತೆ. ಮೂಳೆ ತೆಳುವಾಗಿತ್ತು ಅಂತ ಒಂದು ಸಾಲು ಬರೆದುಕೊಡಿ. ಅಲ್ಲಿವರೆಗೆ ದೇಹ ಬಿಡೋ ಹಾಗಿಲ್ಲ."

"ಬರೆಯಲ್ಲ."

"ನಿಧಾನವಾಗಿ ಬರೀರಿ. ಸತ್ತವನಿಗೇನು ಅವಸರ?"

ಅವಸರವಿದ್ದದ್ದು ಅವನ ಅಕ್ಕನಿಗೆ. ಆಕೆ ಬಟ್ಟೆ ಇಸ್ತ್ರಿ ಮಾಡಿ ಬದುಕುವವಳು. ತಮ್ಮನಿಗೆ ಕೊನೆಯದಾಗಿ ತೊಡಿಸಲು ಅವನ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ತಂದಿದ್ದಳು. ಮಡಿಕೆ ಕೆಡುತ್ತದೆಂದು ಬೆಂಚಿನ ಮೇಲೆ ಕೂರದೆ, ಎರಡೂ ಅಂಗೈ ಮೇಲೆ ಅಂಗಿ ಇಟ್ಟುಕೊಂಡು ಶವಾಗಾರದ ಬಾಗಿಲಲ್ಲಿ ನಿಂತೇ ಇದ್ದಳು. ಮರುದಿನವೂ ನಿಂತಿದ್ದಳು. ಅಂಗಿಗೆ ಮತ್ತೊಮ್ಮೆ ಇಸ್ತ್ರಿ ಆಗಿತ್ತು.

ಡಾಕ್ಟರಮ್ಮ ಹೊರಗೆ ಬಂದು ಇದ್ದ ವಿಷಯ ಹೇಳಿದರು. ಆಕೆ ಕೇಳಿಸಿಕೊಂಡಳು.

"ಬರೆದುಬಿಡಿ ಡಾಕ್ಟ್ರಮ್ಮ. ನನ್ನ ತಮ್ಮನ ತಲೆ ಮೆತ್ತಗಿತ್ತು ಅಂತಾನೇ ಬರೀರಿ. ಅವನ ಮನಸ್ಸೂ ಮೆತ್ತಗೇ ಇತ್ತು. ಗಟ್ಟಿಯಾಗಿದ್ದಿದ್ರೆ, 'ಈ ಛಾವಣಿ ನಿಲ್ಲಲ್ಲ ಅಕ್ಕಾ' ಅಂತ ನನ್ನ ಹತ್ರ ಹೇಳಿದ್ದನ್ನ ಅವರ ಮುಂದೇನೇ ಹೇಳ್ತಿದ್ದ."

"ಹಾಗೆ ಬರೆದ್ರೆ ತಪ್ಪೆಲ್ಲ ಅವನದೇ ಆಗುತ್ತೆ."

"ಆಗ್ಲಿ. ತಪ್ಪು ಹೊತ್ಕೊಂಡಾದ್ರೂ ಮನೆಗೆ ಬರಲಿ."

ಡಾಕ್ಟರಮ್ಮ ಒಳಗೆ ಹೋದರು. ನಲ್ಲಿ ತಿರುಗಿಸಿ, ತೊಳೆದಿದ್ದ ಕೈಯನ್ನೇ ಬಹಳ ಹೊತ್ತು ತೊಳೆದರು. ಆಮೇಲೆ ಕೂತು ಬರೆದರು: "ಮೃತನ ತಲೆಯು ಮನುಷ್ಯನ ತಲೆಯಾಗಿತ್ತು. ಮನುಷ್ಯನ ತಲೆ ಎಷ್ಟು ಗಟ್ಟಿ ಇರಬೇಕೋ ಅಷ್ಟೇ ಇತ್ತು." ಇದಕ್ಕಿಂತ ಒಂದಕ್ಷರ ಹೆಚ್ಚು ಬರೆಯುವುದಿಲ್ಲವೆಂದು ಪೆನ್ನಿಗೆ ಮುಚ್ಚಳ ಹಾಕಿದರು.

ಇದನ್ನು ಓದಿ ಅಧೀಕ್ಷಕರು ಸಿಟ್ಟಾಗುತ್ತಾರೆಂದು ಅವರು ಕಾಯುತ್ತಿದ್ದರು. ಅಧೀಕ್ಷಕರು ಎದ್ದು ಕೈ ಮುಗಿದರು. "ಇದಕ್ಕೇ ನೋಡಿ ತಜ್ಞರು ಬೇಕು ಅನ್ನೋದು! ಮನುಷ್ಯನ ತಲೆ ಇಟ್ಟುಕೊಂಡು ಸರ್ಕಾರಿ ಕಾಮಗಾರಿ ಹತ್ರ ಬಂದಿದ್ದಾನೆ. ಅವನ ನಿರ್ಲಕ್ಷ್ಯ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕಾಗುತ್ತಾ?"

ದೇಹ ಬಿಟ್ಟುಕೊಡಲಾಯಿತು. ಅಕ್ಕ ತಮ್ಮನಿಗೆ ಅಂಗಿ ತೊಡಿಸಿ, ಗುಂಡಿಗಳನ್ನು ಕತ್ತಿನವರೆಗೂ ಹಾಕಿದಳು.

ಅದೇ ವಾರ ಮಂತ್ರಿಗಳು ಬಂದು ಕಟ್ಟಡವನ್ನು ಉದ್ಘಾಟಿಸಿದರು. ಮುಂಭಾಗದಲ್ಲಿ ಛಾವಣಿ ಇಲ್ಲದ್ದನ್ನು ಕಂಡು, ಬೆಳಕು ಚೆನ್ನಾಗಿ ಬರುತ್ತದೆಂದು ಮೆಚ್ಚಿಕೊಂಡರು. ಬಳಿಕ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು: "ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ, ಇನ್ನು ಮುಂದೆ ಎಲ್ಲ ಸರ್ಕಾರಿ ಛಾವಣಿಗಳನ್ನು ಸಿಮೆಂಟು ಮತ್ತು ಕಬ್ಬಿಣವಿಲ್ಲದೆ ಕಟ್ಟತಕ್ಕದ್ದು. ಇದರಿಂದ ಛಾವಣಿ ಬಿದ್ದು ಸಾಯುವವರ ಸಂಖ್ಯೆ ಸೊನ್ನೆಗೆ ಇಳಿಯುವುದು." ಸಂಖ್ಯೆ ಇಳಿಯಿತು. ಮರಳಿನಿಂದ ಸತ್ತವರನ್ನು ಬೇರೆ ಇಲಾಖೆ ಎಣಿಸುತ್ತದೆ.

ಅಕ್ಕ ಪರಿಹಾರ ಕೇಳಿದಳು. ಛಾವಣಿಯೇ ಬಿದ್ದಿಲ್ಲವಾದ್ದರಿಂದ ಪರಿಹಾರ ಕೊಡಲು ಬರುವುದಿಲ್ಲವೆಂದು ಉತ್ತರ ಹೋಯಿತು. ಆದರೆ ಇಲಾಖೆ ಹೃದಯಹೀನವೇನಲ್ಲ. ಹೊಸ ಕಟ್ಟಡದ ಒಳಗಿನ ಛಾವಣಿಯಿಂದ ದಿನವೂ ಮರಳು ಉದುರುತ್ತಿತ್ತು. ಅದನ್ನು ಗುಡಿಸಲು ಒಂದು ಹುದ್ದೆ ಸೃಷ್ಟಿಸಿ ಆಕೆಗೇ ಕೊಟ್ಟರು. ಇಸ್ತ್ರಿ ಪೆಟ್ಟಿಗೆಗಿಂತ ಪೊರಕೆ ಹಗುರವೆಂದು ಆಕೆ ಒಪ್ಪಿಕೊಂಡಳು.

ಡಾಕ್ಟರಮ್ಮನೂ ಈಗ ಅಲ್ಲೇ ಕೆಲಸ ಮಾಡುತ್ತಾರೆ. ಒಂದು ಬೆಳಿಗ್ಗೆ ತಲೆಯೆತ್ತಿ ನೋಡಿದಾಗ, ಅಕ್ಕ ಗುಡಿಸುತ್ತಿದ್ದ ಜಾಗದ ಮೇಲೆ ಛಾವಣಿ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿತ್ತು.

"ಅಕ್ಕಾ, ಅಲ್ಲಿ ನಿಲ್ಲಬೇಡ, ಈ ಕಡೆ ಬಾ!"

ಆಕೆ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡಿದಳು.

"ಯಾಕೆ ಡಾಕ್ಟ್ರಮ್ಮ? ಮರಳು ತಾನೇ," ಎಂದು ಮತ್ತೆ ಬಗ್ಗಿ ಗುಡಿಸತೊಡಗಿದಳು.