ಒಂದು ಬಾಟಲಿ, ನಾಲ್ಕು ಕಣ್ಣು

ಅಬ್ದುಲ್ ಸಮದನ ಕಣ್ಣು ತುರಿಸಲು ಶುರುವಾದದ್ದು ಬೆಳಗಿನ ನಮಾಜಿಗೆ ಮುಖ ತೊಳೆಯುವಾಗ. ಕೆಲವು ದಿನಗಳಿಂದ ಸೌದಿಯ ದಮ್ಮಾಮಿನಲ್ಲಿ ಬೀಸುತ್ತಿದ್ದ ಮರಳುಗಾಳಿ ಕಿಟಕಿಯ ಸಂದಿನಿಂದ ನುಗ್ಗಿ, ಕೋಣೆಯ ನಾಲ್ಕೂ ಮಂಚಗಳಿಗೆ ಪಕ್ಷಪಾತವಿಲ್ಲದೆ ಧೂಳು ಹಂಚಿತ್ತು. ಸಮದ್ ಒಮ್ಮೆ ಕಣ್ಣುಜ್ಜಿದ, ಹಿತವಾಯಿತು. ಇನ್ನೊಮ್ಮೆ ಉಜ್ಜಿದ, ಇನ್ನಷ್ಟು ಹಿತವಾಯಿತು. ಆಮೇಲೆ ಕನ್ನಡಿ ನೋಡಿದರೆ ಎರಡು ಕಣ್ಣೂ ಬಿರಿದ ಟೊಮೆಟೊಗಳಾಗಿ ಅವನನ್ನೇ ನೋಡುತ್ತಿದ್ದವು.

ಬೇರೆ ದಿನವಾಗಿದ್ದರೆ ಅವನು ಲೆಕ್ಕಕ್ಕಿಡುತ್ತಿರಲಿಲ್ಲ. ಆದರೆ ಅಂದು ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಾಲೀಕ ಅಬು ನಾಸಿರ್ ರಜೆಯ ತೀರ್ಮಾನ ಹೇಳುವವರಿದ್ದರು. ಪೈಪು, ನಲ್ಲಿ, ಬೀಗ ಮಾರುವ ಅವರ ಅಂಗಡಿಯಲ್ಲಿ ಇಬ್ಬರು ಸೇಲ್ಸ್‌ಮನ್‌ಗಳು: ಬಂಟ್ವಾಳದ ಕಡೆಯ ಸಮದ್, ಕಾಪುವಿನ ಕಡೆಯ ಸಾದುಲ್ಲಾ. ಹಬ್ಬಕ್ಕೆ ಊರಿಗೆ ಹೋಗಲು ಒಬ್ಬನಿಗೆ ಮಾತ್ರ ಅವಕಾಶ. ಸಮದ್ ಊರು ಬಿಟ್ಟಮೇಲೆ ಹುಟ್ಟಿದ ಮಗಳು ಈಗ ಗೋಡೆ ಹಿಡಿದು ನಡೆಯುತ್ತಿದ್ದಳಂತೆ. ಹೆಂಡತಿ ಹಾಜರಾ ಕಳಿಸುವ ಕ್ಯಾಸೆಟ್ಟುಗಳಲ್ಲಿ ಅವಳ ಅಳು, ನಗು, ಒಂದು ಸಲ ಸೀನು ಕೂಡ ಬಂದಿತ್ತು. ಮುಖ ಮಾತ್ರ ಕ್ಯಾಸೆಟ್ಟಿನಲ್ಲಿ ಬರುವುದಿಲ್ಲವಲ್ಲ.

ತೊಂದರೆಯೆಂದರೆ, ಅಬು ನಾಸಿರ್‌ಗೆ ಕೆಂಗಣ್ಣು ಕಂಡರೆ ಭಯ. ಚಿಕ್ಕಂದಿನಲ್ಲಿ ಅವರ ಹಳ್ಳಿಯ ಅನೇಕರು ಕಣ್ಣುಬೇನೆಯಿಂದ ದೃಷ್ಟಿ ಕಳೆದುಕೊಂಡಿದ್ದರು. ಕೆಂಗಣ್ಣಾದ ಒಬ್ಬ ಡ್ರೈವರನ್ನು ಅವರು ಬಾಗಿಲಿನಿಂದಲೇ ವಾಪಸು ಅಟ್ಟಿ, ಅವನು ಕೂತಿದ್ದ ಕುರ್ಚಿಯನ್ನೂ ಹೊರಗೆ ಹಾಕಿಸಿದ್ದರು.

"ಎಂತ ಮಾರಾಯ ಇದು, ರಾತ್ರಿಯಿಡೀ ಅತ್ತಿದ್ದಿಯಾ?" ಎಂದು ಸಾದುಲ್ಲಾ ಮಂಚದಿಂದಲೇ ಕೇಳಿದ.

"ಅಳುದಕ್ಕೆ ನನಗೆಂತ ಆಗಿದೆ? ಧೂಳು. ಅಸರಿಗೆ ಮೊದಲು ಸರಿ ಮಾಡ್ತೇನೆ, ನೋಡ್ತಾ ಇರು."

ಸಮದನ ಮಾತೇ ಹಾಗೆ. ಅವನಿಗೆ ತನ್ನ ಮೇಲಿದ್ದ ನಂಬಿಕೆ ದಮ್ಮಾಮಿನ ಬಿಸಿಲಿನಂತೆ, ಮೋಡ ಕಂಡದ್ದೇ ಕಡಿಮೆ. ಅರಬಿಯನ್ನು ನೀರಿನಂತೆ ಮಾತಾಡುತ್ತಿದ್ದ. ಸಾದುಲ್ಲಾನ ಅರಬಿಯೋ, ಪೈಪಿನ ಅಳತೆ ಮತ್ತು 'ನಡಿ' ಎಂಬರ್ಥದ 'ಯಲ್ಲಾ'ಕ್ಕೆ ಮುಗಿಯುತ್ತಿತ್ತು. ಅವನಿಗೆ ರಜೆಯ ಅವಸರವೂ ಇರಲಿಲ್ಲ. "ಸಿಕ್ಕಿದ್ರೆ ಹೋಗುದು, ಇಲ್ಲದಿದ್ರೆ ಮುಂದಿನ ವರ್ಷ," ಎನ್ನುವ ಆಸಾಮಿ. ಆದರೂ ಸಮದ್ ಅವನನ್ನು ಪ್ರತಿಸ್ಪರ್ಧಿಯೆಂದೇ ಎಣಿಸಿ ಕೊಂಚ ಮರುಗುತ್ತಿದ್ದ: ಪಾಪ, ಸೋಲುವವನು.

ಅಂಗಡಿಗೆ ಹೋದೊಡನೆ ಸ್ಟೋರ್ ನೋಡಿಕೊಳ್ಳುವ ಭಟ್ಕಳದ ಮೊಹಮ್ಮದ್ ಇಸ್ಮಾಯಿಲ್ ಸಾಹೇಬರು ಸಮದನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದವರಿಗೆ ತಿಳಿಯದ ರೋಗವಿಲ್ಲ ಎಂಬುದು ಅವರ ಅಭಿಪ್ರಾಯ.

"ಅರೇ ಭಾಯ್, ಇದಕ್ಕೆ ಸುರ್ಮಾ ಒಂದೇ ಮದ್ದು. ನಮ್ಮ ಅಜ್ಜ ಎಂಬತ್ತು ವರ್ಷಕ್ಕೂ ಸೂಜಿಗೆ ನೂಲು ಹಾಕ್ತಾ ಇದ್ರು."

"ಬೇಡ ಸಾಹೇಬ್ರೇ, ನಾನು ಮದ್ದಿನ ಅಂಗಡಿಗೆ..."

"ಮದ್ದಿನ ಅಂಗಡಿಯವನು ನಿನ್ನೆ ಹುಟ್ಟಿದವನು!" ಎನ್ನುತ್ತ ಅವರು ಸುರ್ಮಾದ ಕಡ್ಡಿಯನ್ನು ಎರಡೂ ಕಣ್ಣಿಗೆ ಎಳೆದೇಬಿಟ್ಟರು. ಆ ಕಡ್ಡಿ ಭಟ್ಕಳದಿಂದ ದಮ್ಮಾಮಿನವರೆಗೆ ಎಷ್ಟು ಕಣ್ಣುಗಳನ್ನು ಕಂಡಿತ್ತೋ ದೇವರೇ ಬಲ್ಲ.

ಮೆಣಸು ಅರೆದ ಕಲ್ಲಿನ ಮೇಲೆ ಕಣ್ಣಿಟ್ಟಂತಾಯಿತು. ಕಪ್ಪು ನೀರು ಕೆನ್ನೆಯ ಮೇಲೆ ಎರಡು ಚರಂಡಿಯಾಗಿ ಹರಿಯಿತು. ನಲ್ಲಿ ಕೊಳ್ಳಲು ಬಂದ ಗಿರಾಕಿಯೊಬ್ಬ ಈ ಮುಖ ಕಂಡು, "ಯಾರು ತೀರಿಕೊಂಡರು?" ಎಂದು ಮೆಲ್ಲಗೆ ಕೇಳಿದ. ಸಮದ್ ಅಂಗಡಿಯ ಹಿಂದಿನ ನಲ್ಲಿಗೆ ತಲೆಯೊಡ್ಡಿ ಸುರ್ಮಾವನ್ನೆಲ್ಲ ತೊಳೆದು ಹಾಕಿದ. ಅದನ್ನು ನೋಡುತ್ತ ನಿಂತ ಇಸ್ಮಾಯಿಲ್ ಸಾಹೇಬರ ಮುಖ, ಅಜ್ಜನನ್ನೇ ಚರಂಡಿಗೆ ಹಾಕಿದಂತೆ ಗಂಭೀರವಾಯಿತು.

"ನಡಿ ಸಾದುಲ್ಲಾ, ಗಾಡಿ ತೆಗಿ," ಎಂದ ಸಮದ್.

ಮದ್ದಿನಂಗಡಿಯ ಈಜಿಪ್ಟಿನ ಫಾರ್ಮಸಿಸ್ಟ್ ತನ್ನ ಪುಟ್ಟ ಟಾರ್ಚಿನಿಂದ ಕಣ್ಣು ನೋಡಿ, ನೋವಿದೆಯೇ, ಕೀವಿದೆಯೇ, ದೃಷ್ಟಿ ಮಂಜಾಗಿದೆಯೇ ಎಂದೆಲ್ಲ ವಿಚಾರಿಸಿದ. ಯಾವುದೂ ಇರಲಿಲ್ಲ.

"ಹಾಗಾದರೆ ಇದು ಹಸ್ಸಾಸಿಯಾ. ಅಲರ್ಜಿ. ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ. ಆದರೆ ಒಳಗೆ ಈ ಕರಿ ಏನು?"

"ಸುರ್ಮಾ."

ಫಾರ್ಮಸಿಸ್ಟ್ ಕೈಯನ್ನು ಹಣೆಗೆ ಬಡಿದುಕೊಂಡ. ಮೊದಲು ಶುದ್ಧ ನೀರಿನಿಂದ ಕಣ್ಣು ತೊಳೆಸಿದ. ಬಳಿಕ ಆಂಟಿಹಿಸ್ಟಮಿನ್ ಹನಿಗಳ ಒಂದು ಚಿಕ್ಕ ಬಾಟಲಿ ತೆಗೆದು, ಸೈನಿಕನಿಗೆ ಬಂದೂಕು ಕೊಡುವ ಗತ್ತಿನಲ್ಲಿ ಸಮದನ ಕೈಗಿಟ್ಟ.

"ಇದು ತುರಿಕೆಯನ್ನೂ ಇಳಿಸುತ್ತದೆ, ಕೆಂಪನ್ನೂ ಇಳಿಸುತ್ತದೆ. ಮೊದಲು ಸಾಬೂನಿನಲ್ಲಿ ಕೈ ತೊಳೆ. ತಲೆ ಹಿಂದಕ್ಕೆ. ಕೆಳಗಿನ ರೆಪ್ಪೆ ಎಳೆದರೆ ಒಂದು ಜೋಳಿಗೆಯಾಗುತ್ತದೆ, ಅದರೊಳಗೆ ಒಂದೇ ಹನಿ."

"ಎರಡು ಬಿಟ್ಟರೆ ಬೇಗ ಗುಣವಾಗುವುದಿಲ್ಲವೇ?"

"ಎರಡನೆಯದು ನಿನ್ನ ಕೆನ್ನೆಗೆ ಗುಣ. ಬಾಟಲಿಯ ತುದಿ ಕಣ್ಣಿಗೂ ತಾಗಬಾರದು, ರೆಪ್ಪೆಗೂ ತಾಗಬಾರದು, ಬೆರಳಿಗೂ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಬದಿಯನ್ನು ಸ್ವಲ್ಪ ಹೊತ್ತು ಮೆಲ್ಲಗೆ ಒತ್ತಿ ಹಿಡಿ. ಉಜ್ಜಬೇಡ. ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಸಲ ಹಾಕಬೇಡ. ತೆರೆದು ನಾಲ್ಕು ವಾರವಾದರೆ ಉಳಿದದ್ದನ್ನು ಎಸೆ. ಎರಡು ದಿನದಲ್ಲಿ ಇಳಿಯದಿದ್ದರೆ, ನೋವು ಬಂದರೆ, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗು. ಮತ್ತೆ ಈ ಬಾಟಲಿ ನಿನ್ನದು. ನಿನ್ನ ತಮ್ಮ ಕೇಳಿದರೂ ಕೊಡಬೇಡ."

ಸಮದ್ ಅಲ್ಲೇ ಕೈ ತೊಳೆದು, ಹೇಳಿದಂತೆಯೇ ಹನಿ ಬಿಟ್ಟುಕೊಂಡ. ತಣ್ಣಗಾಯಿತು. ಜೊತೆಗೆ ಲೋಕವೂ ತುಸು ಮಸುಕಾಯಿತು.

"ಮಸುಕು ಹೋಗುವವರೆಗೆ ಇಲ್ಲಿ ಕೂತಿರು," ಎಂದ ಫಾರ್ಮಸಿಸ್ಟ್.

"ನನಗೆ ಎಲ್ಲ ಕಾಣಿಸುತ್ತಿದೆ," ಎಂದು ಗೋಡೆಯ ಕ್ಯಾಲೆಂಡರಿಗೆ ಸಲಾಂ ಹೇಳಿ ಸಮದ್ ಹೊರಬಿದ್ದ.

ಬೀದಿಯ ಬದಿಯಲ್ಲಿ ಬಿಳಿ ಪಿಕಪ್ ನಿಂತಿತ್ತು. ಸಮದ್ ಬಾಗಿಲು ತೆರೆದು ಕೂತು, ಕಣ್ಣು ಮುಚ್ಚಿ, ಮೂಗಿನ ಬದಿ ಒತ್ತಿ ಹಿಡಿದುಕೊಂಡೇ ಭಾಷಣ ಶುರುಮಾಡಿದ. "ನೋಡು ಸಾದುಲ್ಲಾ, ಮಾಲೀಕರ ಎದುರು ನೀನು ಸುಮ್ಮನೆ ನಿಂತ್ರೆ ಸಾಕು. ಮಾತು ನನಗೆ ಬಿಡು. ಬೇಜಾರು ಮಾಡ್ಬೇಡ, ನಿನಗೆ ಮುಂದಿನ ವರ್ಷ ಉಂಟು."

ಹಿಂದಿನಿಂದ ಒಂದು ಆಡು ಕೂಗಿತು.

ಸಮದ್ ಕಣ್ಣು ತೆರೆದ. ಸ್ಟೇರಿಂಗ್ ಹಿಡಿದು ಕೂತಿದ್ದವನು ಎದೆಯವರೆಗೆ ಗಡ್ಡ ಬಿಟ್ಟ, ಮರುಭೂಮಿಯ ಬದು ಅಲೆಮಾರಿ ಮುದುಕ. ಮೂಗು ಹಿಡಿದುಕೊಂಡು ತನ್ನ ಗಾಡಿ ಹತ್ತಿದ ಈ ಪರದೇಶಿಯನ್ನು ಕಂಡು ಮುದುಕನಿಗೆ ಸಿಟ್ಟೇರಿತು. "ನನ್ನ ಆಡು ನಾರುತ್ತದೆಯೋ? ನಾರುವುದಾದರೆ ಹತ್ತಿದ್ದೇಕೆ? ಇಳಿ!" ಎಂದು ಗದರಿದ. ಮದ್ದಿನ ವಿಷಯವನ್ನು ಸಮದ್ ಎಷ್ಟೇ ಚಂದದ ಅರಬಿಯಲ್ಲಿ ವಿವರಿಸಿದರೂ, ಆಡಿಗಾದ ಅವಮಾನ ಇಳಿಯಲು ಬಹಳ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಅಂಗಡಿಯ ಪಿಕಪ್ಪಿನಲ್ಲಿದ್ದ ಸಾದುಲ್ಲಾ, ಗೆಳೆಯ ಕಾಣೆಯಾದನೆಂದು ಗಾಬರಿಯಾಗಿ, ಮರಳುಗಾಳಿಯಲ್ಲೇ ಮಾರ್ಕೆಟ್ಟಿನ ಬೀದಿ ಬೀದಿ ಅಲೆದಿದ್ದ. ಇಬ್ಬರೂ ಎದುರಾದಾಗ ಸಮದನ ಕಣ್ಣು ತೊಳೆದ ಗಾಜಿನಂತಾಗಿತ್ತು. ಸಾದುಲ್ಲಾನ ಕಣ್ಣಿನಲ್ಲಿ ಅರ್ಧ ದಮ್ಮಾಮ್ ಇತ್ತು.

"ಸಮದ್, ನನಗೂ ತುರಿಸ್ತದೆ ಮಾರಾಯ. ಆ ಮದ್ದು ಒಂದು ಹನಿ ಬಿಡು."

"ಆಗುದಿಲ್ಲ."

"ಎಂತ ಆಗುದಿಲ್ಲ?"

"ಒಬ್ಬನ ಬಾಟ್ಲಿ ಇನ್ನೊಬ್ಬ ಮುಟ್ಟಬಾರ್ದು. ನಿನ್ನ ಕಣ್ಣಿಗೆ ಎಂತ ಆಗಿದೆ ಅಂತ ನೋಡಿದವರು ಯಾರು? ನಿನಗೆ ಬೇರೆ ತಕೊಳ್ಳುವ."

ಆದರೆ ಮದ್ದಿನಂಗಡಿಯ ಶಟರ್ ಮಧ್ಯಾಹ್ನಕ್ಕೆ ಎಳೆದಾಗಿತ್ತು. ಇನ್ನು ತೆರೆಯುವುದು ಸಂಜೆಗೇ.

ಕೋಣೆಯಲ್ಲಿ ಊಟಕ್ಕೆ ಕೂತಾಗ ಈ ಪ್ರಕರಣ ಅಡುಗೆಯ ಹಸನ್ ಕುಂಞಿಯ ಕಿವಿಗೆ ಬಿತ್ತು. ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಮೀನುಸಾರು ಅನ್ನ ಕಲಸುತ್ತಿದ್ದರು.

"ಒಂದೇ ತಟ್ಟೆಯಲ್ಲಿ ಉಣ್ತೀರಿ, ಒಂದು ಹನಿ ನೀರು ಕೊಡ್ಲಿಕ್ಕೆ ಆಗುದಿಲ್ವಾ?" ಎಂದ ಹಸನ್ ಕುಂಞಿ.

"ಕುಂಞಾಕ, ತಟ್ಟೆ ಬೇರೆ, ಕಣ್ಣು ಬೇರೆ," ಎಂದ ಸಮದ್, ತುಸುವೂ ಅಳುಕದೆ.

"ಬಿಡು ಸಾದುಲ್ಲಾ. ಒಂಟೆ ಹಾಲು ತರಿಸ್ತೇನೆ. ಕಣ್ಣಿಗೆ ಬಿಟ್ರೆ..."

"ಯಾವ ಹಾಲೂ ಬಿಡ್ಬಾರ್ದು!" ಸಮದ್ ಎದ್ದು ಹೋಗಿ ಒಂದು ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ತಂದು ಸಾದುಲ್ಲಾನ ಕಣ್ಣಿನ ಮೇಲಿಟ್ಟ. "ಸಂಜೆವರೆಗೆ ಇದನ್ನು ಇಟ್ಟುಕೋ. ಉಜ್ಜಬೇಡ. ಆಮೇಲೆ ನಾನೇ ನಿನ್ನನ್ನು ಕರ್ಕೊಂಡು ಹೋಗಿ ಮದ್ದು ಕೊಡಿಸ್ತೇನೆ, ಆಯ್ತಾ?"

ಅವನು ಹೇಳಿದ್ದೆಲ್ಲ ಸರಿಯೇ. ಆದರೆ ತುರಿಕೆಗೆ ನ್ಯಾಯ ತಿಳಿಯುವುದಿಲ್ಲ. ಸಮದ್ ಆ ಕಡೆ ತಿರುಗಿದಾಗಲೆಲ್ಲ ಸಾದುಲ್ಲಾ ಬಟ್ಟೆ ಸರಿಸಿ ಕಣ್ಣು ತಿಕ್ಕಿದ.

ಅಸರ್ ಮುಗಿಯಿತು. ಇಬ್ಬರೂ ಮಾಲೀಕರ ಕೋಣೆಯೊಳಗೆ ಹೋದರು. ಇಸ್ಮಾಯಿಲ್ ಸಾಹೇಬರು ಮಾಲೀಕರ ಪಕ್ಕದಲ್ಲಿ ಕಾವಾ ಕಾಫಿಯ ಕಪ್ಪು ಹಿಡಿದು ನಿಂತಿದ್ದರು. ಸಮದನ ಕಣ್ಣು ಹಾಲಿನಷ್ಟು ಬಿಳಿ. ಸಾದುಲ್ಲಾನ ಕಣ್ಣು ಕೆಂಪಾಗಿ, ನೀರು ದಳದಳ ಸುರಿಯುತ್ತಿತ್ತು.

ಕೈಕುಲುಕಲು ಮುಂದೆ ಬಂದಿದ್ದ ಅಬು ನಾಸಿರ್ ಸಾದುಲ್ಲಾನನ್ನು ಕಂಡದ್ದೇ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಇವನಿಗೆ ಏನಾಗಿದೆ?"

ಗೆದ್ದೆನೆಂದುಕೊಂಡ ಸಮದ್. ಮನಸ್ಸಿನಲ್ಲೇ ಮಗಳನ್ನು ಎತ್ತಿಕೊಂಡ. ಅವನು ಬಾಯಿ ತೆರೆಯುವಷ್ಟರಲ್ಲಿ ಇಸ್ಮಾಯಿಲ್ ಸಾಹೇಬರು ಅಡ್ಡಬಂದರು. ಬೆಳಗಿನ ಸುರ್ಮಾದ ನೋವು ಅವರಿಗಿನ್ನೂ ಆರಿರಲಿಲ್ಲ. ಮೇಲಾಗಿ ಪಾಪದ ಸಾದುಲ್ಲಾನನ್ನು ರೋಗಿಯೆಂದು ಹೊರಗೆ ಹಾಕಿಸುವುದು ಅವರಿಗೆ ಬೇಕಿರಲಿಲ್ಲ.

"ರೋಗವಲ್ಲ ಅಬು ನಾಸಿರ್," ಎಂದರು ಅರಬಿಯಲ್ಲಿ, ದನಿ ತಗ್ಗಿಸಿ. "ಅಳು. ಹುಡುಗನಿಗೆ ಊರಿನ ನೆನಪು."

ಅಬು ನಾಸಿರ್ ನಿಂತಲ್ಲೇ ಕರಗಿದರು. ಸಾದುಲ್ಲಾನನ್ನು ಹತ್ತಿರ ಕೂರಿಸಿ ಬೆನ್ನು ಸವರಿದರು. ಸಾದುಲ್ಲಾನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. "ಸಮದ್, ಇವರೆಂತ ಹೇಳುದು?"

"ನೀನು ಊರು ನೆನೆದು ಅಳ್ತಿದ್ದಿ ಅಂತೆ," ಎಂದ ಸಮದ್ ಹಲ್ಲು ಕಚ್ಚಿ.

"ಅಯ್ಯೋ, ಅಳು ಎಂತದ್ದು? ನಿನಗೆ ಆದದ್ದೇ ನನಗೂ ಆದದ್ದು. ಹೇಳು ಅವರಿಗೆ."

ಇದಕ್ಕಾಗಿಯೇ ಕಾದಿದ್ದ ಸಮದ್ ಅತ್ಯಂತ ಸ್ಪಷ್ಟ ಅರಬಿಯಲ್ಲಿ ಹೇಳಿದ: "ಇವನು ಅಳುತ್ತಿಲ್ಲವಂತೆ. ಇವನಿಗೆ ಬರೀ ಹಸ್ಸಾಸಿಯಾ."

ಅರಬಿಯಲ್ಲಿ ಅಲರ್ಜಿಗೂ ಮೃದು ಮನಸ್ಸಿಗೂ ಹೆಚ್ಚುಕಡಿಮೆ ಒಂದೇ ಪದ. ಅಬು ನಾಸಿರ್ ತಲೆದೂಗಿದರು. "ಹಸ್ಸಾಸ್! ನಿಜ. ಮೃದು ಹೃದಯದವನು. ಅಳುವನ್ನು ಮುಚ್ಚಿಡಲು ನೋಡುತ್ತಾನೆ. ಗಂಡಸು ಎಂದರೆ ಹೀಗಿರಬೇಕು. ಹಬ್ಬಕ್ಕೆ ಇವನೇ ಹೋಗಲಿ. ಹೇಳು ಅವನಿಗೆ."

ಸಮದನಿಗೆ ಜೀವನದಲ್ಲಿ ಮೊದಲ ಬಾರಿಗೆ ತನಗೆ ಅರಬಿ ಬರಬಾರದಿತ್ತು ಎನ್ನಿಸಿತು. "ರಜೆ... ನಿನಗಂತೆ," ಎಂದ.

ಸಾದುಲ್ಲಾ ಗಾಬರಿಯಿಂದ ಎದ್ದು ನಿಂತ. "ಛೆ, ನನಗೆ ಬೇಡ! ನಿನ್ನ ಮಗುವನ್ನು ನೀನು ನೋಡ್ಲೇ ಇಲ್ಲ. ಸಮದ್ ಹೋಗ್ಲಿ, ನಾನು ಮುಂದಿನ ವರ್ಷ ಹೋಗ್ತೇನೆ ಅಂತ ಹೇಳು."

ಸಮದನ ಎದೆ ಮತ್ತೆ ಅರಳಿತು. ಗೆಳೆಯನೆಂದರೆ ಇವನು! "ತನಗೆ ರಜೆ ಬೇಡವಂತೆ. ತನ್ನ ಬದಲು ನಾನು ಹೋಗಬೇಕಂತೆ," ಎಂದು ಅನುವಾದಿಸಿದ. ಒಂದು ಶಬ್ದವನ್ನೂ ಬಿಡಲಿಲ್ಲ, ಸೇರಿಸಲೂ ಇಲ್ಲ.

ಅಬು ನಾಸಿರ್ ತಲೆಗೆ ಹೊದ್ದ ಗುತ್ರಾದ ಸೆರಗಿನಿಂದ ತಮ್ಮ ಕಣ್ಣನ್ನೇ ಒರೆಸಿಕೊಂಡರು. ಆಮೇಲೆ ಸಮದನತ್ತ ತಿರುಗಿದರು.

"ಕಣ್ಣೀರು ಸುರಿಸುತ್ತ ನಿಂತವನು ತನ್ನ ರಜೆಯನ್ನೇ ನಿನಗೆ ಕೊಡುತ್ತಿದ್ದಾನೆ. ನೀನು ಅದನ್ನು ಒಂದು ಹನಿ ನೀರೂ ಇಲ್ಲದ ಕಣ್ಣಿನಿಂದ ನನಗೆ ಅನುವಾದ ಮಾಡಿ ಹೇಳುತ್ತೀ. ನಾಚಿಕೆಯಾಗುವುದಿಲ್ಲವೇ?"

ಸಮದನ ಅರಬಿ, ಕನ್ನಡ, ಬ್ಯಾರಿ, ಯಾವ ಭಾಷೆಯೂ ಸಹಾಯಕ್ಕೆ ಬರಲಿಲ್ಲ. ಇಸ್ಮಾಯಿಲ್ ಸಾಹೇಬರು ಕಾವಾ ಕಪ್ಪಿನೊಳಗೆ ಬಹಳ ಆಳವಾದದ್ದೇನನ್ನೋ ನೋಡುತ್ತಿದ್ದರು.

"ರಜೆಯ ಎರಡು ತಿಂಗಳು ಇವನ ಕೆಲಸವೂ ನಿನಗೇ," ಎಂದರು ಅಬು ನಾಸಿರ್. "ಏರ್‌ಪೋರ್ಟಿಗೂ ನೀನೇ ಬಿಟ್ಟು ಬಾ. ನಿನ್ನ ಕಣ್ಣು ಚೆನ್ನಾಗಿದೆ, ಗಾಡಿ ಓಡಿಸಲು ಏನೂ ತೊಂದರೆಯಿಲ್ಲ."

ಹೊರಗೆ ಬಂದಾಗ ಸಾದುಲ್ಲಾ ಅವನ ತೋಳು ಹಿಡಿದು ಆಸೆಯಿಂದ ಕೇಳಿದ, "ಕಡೆಗೆ ಎಂತ ಹೇಳಿದ್ರು ಮಾರಾಯ? ನಿನಗೆ ಕೊಟ್ರಾ?"

ಸಮದ್ ಅವನ ಜೇಬಿನಿಂದ ಗಾಡಿಯ ಕೀ ತೆಗೆದುಕೊಂಡ.

"ನನ್ನ ಕಣ್ಣು ಒಳ್ಳೇದುಂಟಂತೆ," ಎಂದ.