ಒಂಬತ್ತೆಂದ ನೋವನ್ನು ನಾಲ್ಕಕ್ಕೆ ಇಳಿಸಿಕೊಡುವ ಬಗ್ಗೆ

ಇಂದ:
ಬಟ್ಟೆ ಅಂಗಡಿಯ ಹಿರಿಯ ಮಾರಾಟಗಾರ
(ಸದ್ಯದ ವಿಳಾಸ: ಬಾಗಿಲ ಬಳಿಯ ಸ್ಟೂಲು)

ಗೆ:
ಫಿಸಿಯೋಥೆರಪಿ ಮೇಡಂ ಅವರಿಗೆ,
ಔಷಧಿ ಅಂಗಡಿಯ ಮಹಡಿ ಮೇಲೆ

ವಿಷಯ: ಚೌಕಾಸಿಯಿಲ್ಲದೆ ಒಪ್ಪಿಕೊಳ್ಳಲಾದ ನೋವಿನ ಅಂಕಿಯನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: ತಮ್ಮ ಪ್ರಶ್ನೆ, "ಅಂಕಲ್, ನೋವು ಹತ್ತಕ್ಕೆ ಎಷ್ಟು?"

ಮಾನ್ಯರೇ,

ಸದರಿ ಅರ್ಜಿದಾರನು ತನ್ನ ಎಡಗೈಯಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನು ತಲೆಗೂದಲು ಕಪ್ಪಗಿದ್ದ ಕಾಲದಿಂದ ಅಂಗಡಿಯ ಏಣಿ ಹತ್ತುತ್ತಿದ್ದವನು. ಗಿರಾಕಿಯೊಬ್ಬರು ಕಪಾಟಿನ ಮೇಲಿನ ಅರೆಯ ನೀಲಿ ಬಟ್ಟೆಯ ಥಾನೇ ಬೇಕೆಂದು ಹಟ ಹಿಡಿದ ಕಾರಣ ಕೈ ಚಾಚಿದನು. ಥಾನು ಸಮೇತ ಬಿದ್ದನು. ಗಿರಾಕಿಯು ಬಗ್ಗಿ ನೋಡಿ, "ಬಣ್ಣ ಸ್ವಲ್ಪ ಗಾಢ ಆಯ್ತು" ಎಂದು ಹೊರಟುಹೋದರು. ಬಲಭುಜವು ಅಂದಿನಿಂದ ಕೆಲಸಕ್ಕೆ ಗೈರುಹಾಜರಾಗಿದೆ.

೨. ಕಾರಣ, ಏಣಿಯನ್ನು ಸಾಹುಕಾರರ ಭಾಮೈದನಿಗೆ ವಹಿಸಲಾಯಿತು. ಆತನು ಅಂಗಿ ಬಟ್ಟೆ ಕೇಳಿದವರಿಗೆ ಪರದೆ ಬಟ್ಟೆ ಇಳಿಸುತ್ತಾನೆ. ಸಾಹುಕಾರರ ಆದೇಶ: "ಮೇಲಿನ ಥಾನು ನಿನ್ನ ಕೈಯಾರೆ ಇಳಿಸಿದ ದಿನ ಏಣಿ ನಿಂದು. ಅಲ್ಲೀವರೆಗೆ ಬಾಗಿಲಲ್ಲಿ ಕೂತು ಬನ್ನಿ ಬನ್ನಿ ಅನ್ನು." ಆ ಕೆಲಸಕ್ಕೆ ಒಂದು ಗಿಳಿ ಸಾಕು.

೩. ಆದ್ದರಿಂದ ತಮ್ಮಲ್ಲಿಗೆ ಬರಲಾಯಿತು. ತಾವು ಕೇಳಿದಿರಿ, ಅರ್ಜಿದಾರನು "ಒಂಬತ್ತು" ಎಂದನು. ಅದು ಹೇಳುವ ಬೆಲೆ, ಕೊಡುವ ಬೆಲೆಯಲ್ಲ. ತಾವು ಎರಡೆನ್ನಬೇಕು, ಕೊನೆಗೆ ನಾಲ್ಕಕ್ಕೆ ಕುದುರಬೇಕು. ಲೋಕ ನಡೆಯುವುದೇ ಹೀಗೆ. ತಾವಾದರೋ, "ಅಯ್ಯೋ ಪಾಪ! ಹಾಗಾದ್ರೆ ಇವತ್ತು ಕೈ ಎತ್ತಿಸೋದು ಬೇಡ ಬಿಡಿ ಅಂಕಲ್" ಎಂದು ಬಿಸಿ ಚೀಲ ಇಟ್ಟು ಮನೆಗೆ ಕಳುಹಿಸಿದಿರಿ. ಇಷ್ಟು ಸಲೀಸಾದ ಗಿರಾಕಿಯನ್ನು ಅರ್ಜಿದಾರನು ತನ್ನ ಸರ್ವಿಸಿನಲ್ಲೇ ಕಂಡಿಲ್ಲ.

೪. ಮುಂದಿನ ಸಲವಾದರೂ ತಾವು ಚೌಕಾಸಿಗೆ ಇಳಿಯಲೆಂದು "ಒಂಬತ್ತೂವರೆ" ಎನ್ನಲಾಯಿತು. ತಾವು ಒಂದು ದಿಂಬನ್ನೂ ಕೊಟ್ಟಿರಿ. ಹೀಗೆ ಸುಖವಾಗಿ ಒರಗಿದ ಕಾರಣ, ಭುಜವು ಈಗ ತಲೆ ಬಾಚಲೂ ಏಳುತ್ತಿಲ್ಲ.

೫. ವಿಷಯ ತಿಳಿದ ಹೆಂಡತಿಯ ಹೇಳಿಕೆ: "ಅಂಗಡೀಲಿ ಏರಿಸಿದ್ದು ಸಾಲ್ದು ಅಂತ ನೋವಿಗೂ ಬೆಲೆ ಏರಿಸಿದ್ರಾ? ಪಾಪ, ಆ ಹುಡುಗಿ ನಿಮ್ಮನ್ನ ನಂಬಿದಾಳೆ ಕಣ್ರೀ. ನಾನೂ ಒಂದು ಕಾಲಕ್ಕೆ ನಂಬಿದ್ದೆ."

೬. ನಿನ್ನೆ ಸಾಹುಕಾರರು ಊಟಕ್ಕೆ ಹೋದಾಗ ಅರ್ಜಿದಾರನು ಏಣಿ ಹತ್ತಿ ಅದೇ ನೀಲಿ ಥಾನಿಗೆ ಕೈ ಎತ್ತಿದನು. ಕೈ ಎದೆಮಟ್ಟಕ್ಕೆ ಬಂದು ನಿಂತಿತು; ಕಣ್ಣಲ್ಲಿ ನೀರು ಬಂತು. ಕೆಳಗಿನಿಂದ ಭಾಮೈದನು, "ಅಣ್ಣ, ತುಂಬಾ ನೋವಾ?" ಎಂದನು. ಹೇಳೋಣವೆಂದರೆ ಅಂಕಿಯೇ ಉಳಿದಿರಲಿಲ್ಲ. ಇದ್ದುದನ್ನೆಲ್ಲ ನಾಲ್ಕರ ನೋವಿಗೇ ಖರ್ಚು ಮಾಡಿಯಾಗಿತ್ತು. ಭಾಮೈದನು ಅರ್ಜಿದಾರನನ್ನು ಇಳಿಸಿ, ತಾನು ಹತ್ತಿ, ಸರಿಯಾದ ಥಾನನ್ನೇ ತೆಗೆದನು. ಇದು ಆತಂಕಕಾರಿ ಬೆಳವಣಿಗೆ.

ಆದ್ದರಿಂದ ಹಿಂದಿನ ಅಂಕಿಗಳನ್ನೆಲ್ಲ ವಜಾಗೊಳಿಸಿ, ಕೈ ಎತ್ತಿಸುವ ಕೆಲಸವನ್ನು ನಾಳೆಯೇ ಆರಂಭಿಸಬೇಕಾಗಿ ಕೋರಿಕೆ. ಎಷ್ಟು ಎತ್ತಿಸಬೇಕೆಂದು ಬಾಯಿಯನ್ನು ಕೇಳಬೇಡಿ, ಭುಜವನ್ನೇ ಮುಟ್ಟಿ ನೋಡಿ. ಅದು ಅಂಗಡಿಯಲ್ಲಿ ದುಡಿದಿದೆಯೇ ಹೊರತು ಅದಕ್ಕೆ ಬೆಲೆ ಹೇಳಿ ಅಭ್ಯಾಸವಿಲ್ಲ.

ತಮ್ಮ ವಿಶ್ವಾಸಿ
(ಈ ಪದ ಓದಿ ಹೆಂಡತಿ ನಕ್ಕಿರುತ್ತಾಳೆ),
ಎಡಗೈ ಸಹಿ

ಲಗತ್ತುಗಳು:
೧. ದಿಂಬು, ವಾಪಸು.
೨. ಬಲಗೈ. ತಾನಾಗಿ ಮೇಲೇಳಲು ಒಪ್ಪದ ಕಾರಣ ಎಡಗೈಯಿಂದ ಹಿಡಿದು ಹಾಜರುಪಡಿಸಲಾಗುವುದು.

ವಿ.ಸೂ.: ಅರ್ಜಿದಾರನು ದಿಂಬನ್ನು ಮತ್ತೆ ಕೇಳಿದರೆ ಕೊಡಬಾರದಾಗಿ ವಿನಂತಿ.